ಕೈ ಸೋತಾಗ ಮಾರಿದ ಗಿಟಾರ್

ಸಂಗೀತಗಾರನಿಗೆ ಕಷ್ಟ ಬಂದಾಗ ಮನೆಯಿಂದ ಮೊದಲು ಹೊರಡುವುದು ಚಿನ್ನ, ಆಮೇಲೆ ಪಾತ್ರೆ ಪಗಡೆ, ಕೊನೆಗೆ ವಾದ್ಯ. ವಾದ್ಯ ಕೊನೆಯವರೆಗೂ ಉಳಿಯುವುದಕ್ಕೆ ಮಮತೆಯೊಂದೇ ಕಾರಣವಲ್ಲ. ಅದು ಹೋದರೆ ಸಂಪಾದನೆಯ ದಾರಿಯೂ ಮುಚ್ಚಿದಂತೆ. ಹಾಗಾಗಿ ಕಲಾವಿದನೊಬ್ಬ ತಾನು ವರ್ಷಗಟ್ಟಲೆ ನುಡಿಸಿದ ವಾದ್ಯವನ್ನು ಮಾರಲು ಮುಂದಾಗಿದ್ದಾನೆ ಎಂದರೆ, ಆ ಹೊತ್ತಿಗಾಗಲೇ ಬೇರೇನೋ ಕೈಕೊಟ್ಟಿದೆ ಎಂದು ತಿಳಿಯಬಹುದು. ಅದು ಮನಸ್ಸಿರಬಹುದು, ದೇಹವಿರಬಹುದು.

ರಾಕ್ ಮತ್ತು ಬ್ಲೂಸ್ ಸಂಗೀತದ ಇತಿಹಾಸದಲ್ಲಿ ಈ ಮಾತಿಗೆ ದೊಡ್ಡ ನಿದರ್ಶನ ‘ಗ್ರೀನಿ’ ಎಂಬ ಹೆಸರಿನ ಒಂದು ಎಲೆಕ್ಟ್ರಿಕ್ ಗಿಟಾರ್. ಅದು ಮೂವರು ಪ್ರಸಿದ್ಧ ವಾದಕರ ಕೈಸೇರಿದೆ. ಮೊದಲಿನ ಇಬ್ಬರೂ ಅದನ್ನು ಬಿಟ್ಟುಕೊಟ್ಟದ್ದು ತಮ್ಮ ಕೆಟ್ಟ ಕಾಲದಲ್ಲಿ. ಒಬ್ಬನಿಗೆ ಸಿಕ್ಕಿದ್ದು ನೂರು ಪೌಂಡಿನ ಆಸುಪಾಸು. ಇನ್ನೊಬ್ಬನಿಗೆ ಸಿಕ್ಕಿದ್ದು ಲಕ್ಷಗಟ್ಟಲೆ ಡಾಲರ್. ಗಿಟಾರ್ ಮಾತ್ರ ಅದೇ.

ಯಾರಿಗೂ ಬೇಡವಾಗಿದ್ದ ಮಾದರಿ

ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ಪಟ್ಟಣದಲ್ಲಿದ್ದ ಗಿಬ್ಸನ್ ಕಾರ್ಖಾನೆ 1952ರಲ್ಲಿ ‘ಲೆಸ್ ಪಾಲ್’ ಎಂಬ ಗಿಟಾರನ್ನು ಮಾರುಕಟ್ಟೆಗೆ ಬಿಟ್ಟಿತು. ಲೆಸ್ ಪಾಲ್ ಎಂಬುದು ಆ ಕಾಲದ ಜನಪ್ರಿಯ ಗಿಟಾರ್ ವಾದಕನ ಹೆಸರು. 1958ರಿಂದ 1960ರವರೆಗೆ ಇದೇ ಮಾದರಿಯನ್ನು ನಡುವೆ ಹಳದಿ, ಅಂಚಿನಲ್ಲಿ ಕೆಂಪು ಛಾಯೆಯ ಬಣ್ಣದಲ್ಲಿ ತಯಾರಿಸಲಾಯಿತು. ಅಂದಾಜು ಒಂದೂವರೆ ಸಾವಿರ ಗಿಟಾರ್‌ಗಳು ಹೊರಬಂದವು. ಆದರೆ ಅವು ಭಾರ, ದುಬಾರಿ. ವ್ಯಾಪಾರ ಕುದುರಲಿಲ್ಲ. ಕಂಪನಿ ಆ ಆಕಾರವನ್ನೇ ಕೈಬಿಟ್ಟು ಹೊಸ ಮಾದರಿಗೆ ಹೊರಳಿಕೊಂಡಿತು.

ಅದರ ಅದೃಷ್ಟ ತಿರುಗಿದ್ದು ಇಂಗ್ಲೆಂಡಿನಲ್ಲಿ. 1966ರಲ್ಲಿ ಜಾನ್ ಮೇಯಲ್‌ನ ‘ಬ್ಲೂಸ್ ಬ್ರೇಕರ್ಸ್’ ತಂಡದ ಧ್ವನಿಮುದ್ರಿಕೆಯಲ್ಲಿ ಎರಿಕ್ ಕ್ಲಾಪ್ಟನ್ ಇಂಥ ಗಿಟಾರನ್ನು ನುಡಿಸಿದ. ಅದರ ದಪ್ಪ ನಾದಕ್ಕೆ ಲಂಡನ್ನಿನ ಯುವ ವಾದಕರು ಮಾರುಹೋದರು. ಕ್ಲಾಪ್ಟನ್ ತಂಡ ಬಿಟ್ಟಾಗ ಅವನ ಜಾಗಕ್ಕೆ ಬಂದವನು ಪೀಟರ್ ಗ್ರೀನ್. ಲಂಡನ್ನಿನ ಬೆತ್ನಲ್ ಗ್ರೀನ್ ಬಡಾವಣೆಯ ಯಹೂದಿ ಕುಟುಂಬದಲ್ಲಿ 1946ರಲ್ಲಿ ಹುಟ್ಟಿದ ಆತನಿಗೆ ಆಗ ಇನ್ನೂ ಇಪ್ಪತ್ತು ವರ್ಷ ತುಂಬಿರಲಿಲ್ಲ. ಆ ಸುಮಾರಿಗೆ ಆತ 1959ರ ಲೆಸ್ ಪಾಲ್ ಒಂದನ್ನು ನೂರು ಪೌಂಡಿಗಿಂತ ತುಸು ಹೆಚ್ಚಿಗೆ ಕೊಂಡ. ಅದೇ ಮುಂದೆ ‘ಗ್ರೀನಿ’ ಎನಿಸಿತು.

ತಲೆಕೆಳಗಾದ ಆಯಸ್ಕಾಂತ

ಎಲೆಕ್ಟ್ರಿಕ್ ಗಿಟಾರಿನ ಪ್ರಾಣ ಇರುವುದು ತಂತಿಗಳ ಕೆಳಗಿನ ‘ಪಿಕಪ್’ನಲ್ಲಿ. ಪಿಕಪ್ ಎಂದರೆ ಒಂದು ಆಯಸ್ಕಾಂತ ಮತ್ತು ಕೂದಲೆಳೆಯಂಥ ತಾಮ್ರದ ತಂತಿಯ ಸುರುಳಿ. ಗಿಟಾರಿನ ಉಕ್ಕಿನ ತಂತಿ ಮಿಡಿದಾಗ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಆಂಪ್ಲಿಫೈಯರ್ ಅದನ್ನೇ ದೊಡ್ಡದು ಮಾಡಿ ಕೇಳಿಸುತ್ತದೆ. ಲೆಸ್ ಪಾಲ್‌ನಲ್ಲಿ ಎರಡು ಪಿಕಪ್‌ಗಳು. ಒಂದು ಸ್ವಿಚ್ಚಿನಿಂದ ಇದನ್ನು ಅಥವಾ ಅದನ್ನು, ಇಲ್ಲವೇ ಎರಡನ್ನೂ ಒಟ್ಟಿಗೆ ಬಳಸಬಹುದು.

ಗ್ರೀನ್‌ನ ಗಿಟಾರಿನಲ್ಲಿ ದಂಡಿಯ ಕಡೆಗಿದ್ದ ಪಿಕಪ್ ಹಿಂದುಮುಂದಾಗಿ ಕೂತಿತ್ತು. ಅದನ್ನು ತಾನೇ ಬಿಚ್ಚಿ ಮತ್ತೆ ಕೂರಿಸಿದ್ದಾಗಿ ಗ್ರೀನ್ ಹೇಳಿದ್ದುಂಟು. ಆದರೆ ಪಿಕಪ್ಪನ್ನು ತಿರುಗಿಸಿ ಕೂರಿಸಿದ ಮಾತ್ರಕ್ಕೆ ನಾದ ಬದಲಾಗುವುದಿಲ್ಲ. ನಿಜವಾದ ಗುಟ್ಟು ಒಳಗಿತ್ತು. ಬಿಚ್ಚಿ ನೋಡಿದ ತಜ್ಞರಿಗೆ ಆ ಪಿಕಪ್ಪಿನ ಆಯಸ್ಕಾಂತದ ಧ್ರುವಗಳೇ ಅದಲುಬದಲಾಗಿರುವುದು ಕಂಡುಬಂತು. ಎರಡು ಪಿಕಪ್‌ಗಳನ್ನೂ ಒಟ್ಟಿಗೆ ಹಚ್ಚಿದಾಗ ಒಂದರ ವಿದ್ಯುತ್ ಏರಿದರೆ ಇನ್ನೊಂದರದು ಇಳಿಯುತ್ತದೆ. ಒಬ್ಬ ಉಯ್ಯಾಲೆಯನ್ನು ಮುಂದಕ್ಕೆ ತಳ್ಳುವಾಗ ಮತ್ತೊಬ್ಬ ಹಿಂದಕ್ಕೆ ಎಳೆದಂತೆ. ಮಂದ್ರದ ಭಾರವೆಲ್ಲ ಪರಸ್ಪರ ಕಳೆದುಹೋಗಿ, ಮೂಗಿನಿಂದ ಹಾಡಿದಂಥ, ಟೊಳ್ಳಾದ, ಅಳುವಿಗೆ ಹತ್ತಿರವಾದ ಒಂದು ನಾದ ಉಳಿಯುತ್ತದೆ. ಲೆಕ್ಕಕ್ಕೆ ಇದು ದೋಷ. ಗ್ರೀನ್‌ನ ಕೈಯಲ್ಲಿ ಅದು ಗುರುತಾಯಿತು.

1967ರಲ್ಲಿ ಗ್ರೀನ್ ‘ಫ್ಲೀಟ್‌ವುಡ್ ಮ್ಯಾಕ್’ ಎಂಬ ತಂಡ ಕಟ್ಟಿದ. ‘ಬ್ಲ್ಯಾಕ್ ಮ್ಯಾಜಿಕ್ ವುಮನ್’ ಹಾಡು ಬರೆದವನು ಆತನೇ. 1970ರಲ್ಲಿ ಸಂಟಾನಾ ತಂಡ ಹಾಡಿದ ಮೇಲೆ ಅದು ಲೋಕಪ್ರಸಿದ್ಧವಾಯಿತು. ‘ಆಲ್ಬಟ್ರಾಸ್’ ಎಂಬ ವಾದ್ಯಕೃತಿ 1969ರ ಆರಂಭದಲ್ಲಿ ಬ್ರಿಟನ್ನಿನ ಜನಪ್ರಿಯ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಹಣ ಹರಿದು ಬಂತು.

ಆ ಹಣವೇ ಗ್ರೀನ್‌ಗೆ ಭಾರವಾಯಿತು. ಗಳಿಸಿದ್ದನ್ನು ದಾನ ಮಾಡಿಬಿಡಬೇಕೆಂದು ಆತ ತಂಡದವರ ಬಳಿ ವಾದಿಸತೊಡಗಿದ. ಮಾದಕ ದ್ರವ್ಯಗಳ ಸೇವನೆಯೂ ಸೇರಿ ಮನಸ್ಸು ಕದಡಿತು. 1970ರಲ್ಲಿ ಆತ ಬರೆದ ‘ದಿ ಗ್ರೀನ್ ಮನಾಲಿಶಿ’ ಹಾಡು ಹಣವೆಂಬ ಪಿಶಾಚಿಯ ಕುರಿತದ್ದು. ಕನಸಿನಲ್ಲಿ ಹಸಿರು ನಾಯಿಯೊಂದು ಬೊಗಳಿತು, ಅದು ಹಣವೇ ಎಂದು ತನಗೆ ಹೊಳೆಯಿತು ಎಂದು ಆತ ಹೇಳಿಕೊಂಡಿದ್ದಾನೆ. ಅದೇ ವರ್ಷದ ಮೇ ತಿಂಗಳಲ್ಲಿ ತಂಡ ಬಿಟ್ಟ. ಮುಂದೆ ಸ್ಕಿಜೋಫ್ರೇನಿಯಾ ಕಾಯಿಲೆಗೆ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಬೇಕಾಯಿತು.

ಹುಡುಗನಿಗೆ ಒಪ್ಪಿಸಿದ ಗಿಟಾರ್

ಇದೇ ಸಮಯದಲ್ಲಿ ಗ್ರೀನ್‌ನ ಕಣ್ಣಿಗೆ ಬಿದ್ದವನು ಗ್ಯಾರಿ ಮೂರ್. 1952ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿ, ಹದಿನಾರನೇ ವಯಸ್ಸಿಗೆ ಮನೆ ಬಿಟ್ಟು ಡಬ್ಲಿನ್ ಸೇರಿ ‘ಸ್ಕಿಡ್ ರೋ’ ಎಂಬ ತಂಡದಲ್ಲಿ ನುಡಿಸುತ್ತಿದ್ದ ಹುಡುಗ. ಗ್ರೀನ್ ತನ್ನ ಗಿಟಾರನ್ನು ಮೊದಲು ಅವನಿಗೆ ಎರವಲು ಕೊಟ್ಟ. ಕೆಲವು ದಿನ ಕಳೆದು, ಕೊಂಡುಕೊಳ್ಳುತ್ತೀಯಾ ಎಂದು ಕೇಳಿದ.

ಅಷ್ಟು ಹಣ ತನ್ನಲ್ಲಿಲ್ಲ ಎಂದ ಮೂರ್. ಆಗ ಗ್ರೀನ್ ಹೇಳಿದ ಉಪಾಯವನ್ನು ಮೂರ್ ಸಂದರ್ಶನಗಳಲ್ಲಿ ನೆನಪಿಸಿಕೊಂಡಿದ್ದಾನೆ. ನಿನ್ನ ಗಿಟಾರನ್ನು ಮಾರು, ಬಂದಷ್ಟು ಕೊಡು, ಅದಲುಬದಲು ಮಾಡಿಕೊಂಡಂತಾಗುತ್ತದೆ ಎಂದನಂತೆ. ಮೂರ್ ತನ್ನ ಗಿಬ್ಸನ್ ಗಿಟಾರನ್ನು ಮಾರಿ ಹಣ ತಂದಾಗ ಗ್ರೀನ್ ಅದರಲ್ಲಿ ಪೂರ್ತಿ ತೆಗೆದುಕೊಳ್ಳಲಿಲ್ಲ. ತಾನು ಅಂಗಡಿಗೆ ಕೊಟ್ಟಷ್ಟನ್ನೇ, ಅಂದರೆ ನೂರು ಪೌಂಡಿನ ಆಸುಪಾಸಿನ ಮೊತ್ತವನ್ನು ಇಟ್ಟುಕೊಂಡು ಉಳಿದದ್ದನ್ನು ಹಿಂದಿರುಗಿಸಿದ.

ಇದು ವ್ಯಾಪಾರವೇ ಅಲ್ಲ ಎನ್ನಬಹುದು. ಹೆಣ್ಣು ಕೊಡುವಾಗ ಮನೆತನ ನೋಡುವಂತೆ ಗ್ರೀನ್ ಕೊಳ್ಳುವವನ ಕೈಯನ್ನು ನೋಡಿದ. ಆದರೆ ಇದರ ಇನ್ನೊಂದು ಮುಖವನ್ನೂ ಮರೆಯುವಂತಿಲ್ಲ. ಕಾಯಿಲೆಯ ಹೊಸ್ತಿಲಲ್ಲಿದ್ದ ಮನುಷ್ಯನೊಬ್ಬ ತನ್ನ ಅತ್ಯಂತ ಬೆಲೆಬಾಳುವ ಉಪಕರಣವನ್ನು ಕೊಂಡ ಬೆಲೆಗೇ ಬಿಟ್ಟುಕೊಟ್ಟಿದ್ದ. ಅದರ ಮೇಲೆ ತನ್ನ ಕೈ ಏರಿಸಿದ್ದ ಬೆಲೆಗೆ ಆತ ಒಂದು ಪೆನ್ನಿಯನ್ನೂ ಕೇಳಲಿಲ್ಲ.

ಮೂರ್ ಆ ಗಿಟಾರನ್ನು ಮೂರು ದಶಕಕ್ಕೂ ಮೀರಿ ನುಡಿಸಿದ. ಬಣ್ಣದ ಕೆಂಪು ಮಾಸಿತು. ದಂಡಿ ಮುರಿದು ಬೆಸುಗೆಯಾಯಿತು. ಮೆರುಗಿನ ಮೇಲೆ ಗೀರುಗಳು ತುಂಬಿದವು. 1995ರಲ್ಲಿ ಮೂರ್ ‘ಬ್ಲೂಸ್ ಫಾರ್ ಗ್ರೀನಿ’ ಎಂಬ ಧ್ವನಿಮುದ್ರಿಕೆ ತಂದ. ಗ್ರೀನ್‌ನ ಹಾಡುಗಳನ್ನು ಗ್ರೀನ್‌ನ ಗಿಟಾರಿನಲ್ಲೇ ನುಡಿಸಿ ಸಲ್ಲಿಸಿದ ಗುರುಕಾಣಿಕೆ ಅದು.

ಎರಡನೇ ಮಾರಾಟ

2006ರಲ್ಲಿ ಸರದಿ ಮೂರ್‌ನದಾಯಿತು. ಕೈಗೆ ಪೆಟ್ಟಾಗಿ ಆತ ಕಛೇರಿಗಳನ್ನು ರದ್ದು ಮಾಡಬೇಕಾಯಿತು. ರಾಕ್ ಸಂಗೀತಗಾರನಿಗೆ ತಿಂಗಳ ಸಂಬಳವಿಲ್ಲ, ಪಿಂಚಣಿಯಿಲ್ಲ. ರದ್ದಾದ ಕಛೇರಿ ಆದಾಯ ತರುವುದಿಲ್ಲ, ಜೊತೆಗೆ ಖರ್ಚನ್ನು ತಲೆಗೆ ಕಟ್ಟುತ್ತದೆ. ಹಣದ ಮುಗ್ಗಟ್ಟಿನಲ್ಲಿ ಗ್ರೀನಿ ಸದ್ದಿಲ್ಲದೆ ವ್ಯಾಪಾರಿಗಳ ಪಾಲಾಯಿತು. ಬೆಲೆ ಬಹಿರಂಗವಾಗಲಿಲ್ಲ. ಏಳೂವರೆ ಲಕ್ಷದಿಂದ ಹನ್ನೆರಡು ಲಕ್ಷ ಡಾಲರ್‌ಗಳ ನಡುವೆ ಎಂದು ವರದಿಯಾಯಿತು. ಮುಂದೆ ಅದನ್ನು 20 ಲಕ್ಷ ಡಾಲರಿಗೆ ಮಾರಾಟಕ್ಕಿಟ್ಟದ್ದೂ ಉಂಟು. ಮೂರ್ 2011ರ ಫೆಬ್ರವರಿ 6ರಂದು ಸ್ಪೇನಿನಲ್ಲಿ 58ನೇ ವಯಸ್ಸಿಗೆ ತೀರಿಕೊಂಡ.

ಮೂರ್ ಒಬ್ಬನೇ ಹೀಗೆ ಸಿಕ್ಕಿಹಾಕಿಕೊಂಡವನಲ್ಲ. ಅಮೆರಿಕದ ‘ಗ್ರೇಟ್‌ಫುಲ್ ಡೆಡ್’ ತಂಡದ ಜೆರ್ರಿ ಗಾರ್ಸಿಯಾಗೆ ಡಗ್ ಇರ್ವಿನ್ ಎಂಬ ಕುಶಲಕರ್ಮಿ ಬೇಕಾದಂತೆ ಗಿಟಾರ್ ಮಾಡಿಕೊಡುತ್ತಿದ್ದ. 1973ರಲ್ಲಿ ಕೊಟ್ಟ ‘ವುಲ್ಫ್’ ಗಿಟಾರಿಗೆ ಸಿಕ್ಕಿದ್ದು 1,500 ಡಾಲರ್. ಆರು ವರ್ಷ ದುಡಿದು 1979ರಲ್ಲಿ ಮುಗಿಸಿದ ‘ಟೈಗರ್’ಗೆ 5,800 ಡಾಲರ್. 1995ರಲ್ಲಿ ಗಾರ್ಸಿಯಾ ತೀರಿಕೊಂಡಾಗ, ಇರ್ವಿನ್ ಮಾಡಿದ ಗಿಟಾರ್‌ಗಳು ಇರ್ವಿನ್‌ಗೇ ಸೇರಬೇಕೆಂದು ಉಯಿಲಿನಲ್ಲಿ ಬರೆದಿತ್ತು. ಅವು ತಂಡದ ಆಸ್ತಿ ಎಂದು ತಂಡ ತಕರಾರು ತೆಗೆಯಿತು. ಈ ನಡುವೆ ಸೈಕಲ್ ಮೇಲೆ ಹೋಗುತ್ತಿದ್ದ ಇರ್ವಿನ್‌ಗೆ ಕಾರು ಗುದ್ದಿ, ಕಸುಬು ಮಾಡಲಾಗದ ಸ್ಥಿತಿ ಒದಗಿತು. 2001ರ ರಾಜಿಯಲ್ಲಿ ಎರಡು ಗಿಟಾರ್ ಅವನ ಪಾಲಿಗೆ ಬಂದವು. ಕೈಯಲ್ಲಿ ಕಾಸಿಲ್ಲದ ಇರ್ವಿನ್ 2002ರ ಮೇ ತಿಂಗಳಲ್ಲಿ ನ್ಯೂಯಾರ್ಕ್‌ನಲ್ಲಿ ಅವನ್ನು ಹರಾಜಿಗಿಟ್ಟ. ವುಲ್ಫ್ 7,89,500 ಡಾಲರಿಗೂ ಟೈಗರ್ 9,57,500 ಡಾಲರಿಗೂ ಹೋದವು. 2017ರಲ್ಲಿ ಅದೇ ವುಲ್ಫ್ ಮತ್ತೆ ಹರಾಜಾಗಿ 19 ಲಕ್ಷ ಡಾಲರ್ ತಂದಿತು. ಈ ಬಾರಿ ಮಾರಿದವನಿಗೆ ಹಣದ ಅಗತ್ಯವಿರಲಿಲ್ಲ, ಬಂದ ಹಣ ದತ್ತಿಗೆ ಹೋಯಿತು.

ಬೆಲೆ ಕಟ್ಟುವವರು ಯಾರು?

ಈ ಅಂತರ ಗಮನಿಸಬೇಕಾದದ್ದು. ಎರಿಕ್ ಕ್ಲಾಪ್ಟನ್ ಮೂರು ಹಳೆಯ ಗಿಟಾರ್‌ಗಳ ಭಾಗ ಜೋಡಿಸಿ ಮಾಡಿಕೊಂಡಿದ್ದ ‘ಬ್ಲ್ಯಾಕಿ’ 2004ರಲ್ಲಿ 9,59,500 ಡಾಲರ್ ತಂದಿತು. ಹಣ ವ್ಯಸನಮುಕ್ತಿ ಕೇಂದ್ರಕ್ಕೆ ಸಂದಿತು. ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮೋರ್ ಹಲವು ಬಾರಿ ಬಿಚ್ಚಿ, ತಿದ್ದಿ, ಬದಲಿಸಿದ್ದ ಕಪ್ಪು ಸ್ಟ್ರಾಟೋಕಾಸ್ಟರ್ 2019ರಲ್ಲಿ 39,75,000 ಡಾಲರಿಗೆ ಹೋಯಿತು. ಅದು ಪರಿಸರ ರಕ್ಷಣೆಗೆ ಕೊಟ್ಟ ದಾನ. ಇವರು ತಮಗೆ ಬೇಕಾದ ಕಾಲದಲ್ಲಿ, ಪ್ರಚಾರ ಮಾಡಿ, ಕ್ಯಾಟಲಾಗ್ ಅಚ್ಚು ಹಾಕಿಸಿ ಮಾರಿದರು. ಅಗತ್ಯಕ್ಕೆ ಬಿದ್ದು ಮಾರುವವನಿಗೆ ಕಾಯುವ ವ್ಯವಧಾನವಿಲ್ಲ, ಡಂಗುರ ಸಾರುವ ಮನಸ್ಸೂ ಇರುವುದಿಲ್ಲ. ಗಿರವಿ ಅಂಗಡಿಯ ಮೆಟ್ಟಿಲು ಹತ್ತುವವರು ಹೊತ್ತು ಮುಳುಗುವುದನ್ನು ಕಾಯುವಂತೆ, ಮೂರ್‌ನ ಗಿಟಾರ್ ಮೌನವಾಗಿಯೇ ಕೈಬದಲಾಯಿಸಿತು.

ಸವೆತ ಎಂಬುದು ಪಾತ್ರೆಯಲ್ಲಿ, ಬಟ್ಟೆಯಲ್ಲಿ ಬೆಲೆಯನ್ನು ಇಳಿಸುತ್ತದೆ. ಹೆಸರಾಂತ ಕೈ ಸವೆಸಿದ ವಾದ್ಯದಲ್ಲಿ ಅದೇ ಸವೆತ ಬೆಲೆಯನ್ನು ಏರಿಸುತ್ತದೆ. ಆದರೆ ಸವೆಸಿದ ಕೈಗೇ ಆ ಬೆಲೆ ಪೂರ್ತಿ ದಕ್ಕುವುದು ಅಪರೂಪ. ಈಗಂತೂ ಸವೆತವೇ ಸರಕು. ಗಿಬ್ಸನ್ ಕಂಪನಿಯೇ ಗ್ರೀನಿಯ ಪ್ರತಿರೂಪಗಳನ್ನು ತಯಾರಿಸಿ ಮಾರಿದೆ. ಮಾಸಿದ ಬಣ್ಣ, ಹಿಂದುಮುಂದಾದ ಪಿಕಪ್, ಆ ಮೂಗುನಾದ ಎಲ್ಲವನ್ನೂ ಅದರಲ್ಲಿ ಅನುಕರಿಸಲಾಗಿದೆ.

ಅಸಲು ಗಿಟಾರನ್ನು 2014ರಲ್ಲಿ ಕೊಂಡವನು ‘ಮೆಟಾಲಿಕಾ’ ತಂಡದ ಕರ್ಕ್ ಹ್ಯಾಮೆಟ್. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಆ ತಂಡದ ಕಛೇರಿ ಕೇಳಿದವರಿಗೆ ಆತನ ಪರಿಚಯವಿದೆ. ಆಗ ಗ್ರೀನಿ ಇನ್ನೂ ಅವನ ಕೈಸೇರಿರಲಿಲ್ಲ. ಕೊಂಡ ಮೇಲೆ ಆತ ಅದನ್ನು ಗಾಜಿನ ಪೆಟ್ಟಿಗೆಯಲ್ಲಿಡದೆ ಊರೂರಿಗೆ ಒಯ್ದು ನುಡಿಸಿದ್ದಾನೆ. ನೂರು ಪೌಂಡಿಗೆ ಕೊಟ್ಟವನ ಇಚ್ಛೆ ಅಷ್ಟರಮಟ್ಟಿಗೆ ನಡೆದಿದೆ.

2020ರ ಫೆಬ್ರವರಿಯಲ್ಲಿ ಲಂಡನ್ನಿನ ಪಲೇಡಿಯಂ ರಂಗಮಂದಿರದಲ್ಲಿ ಪೀಟರ್ ಗ್ರೀನ್‌ನ ಗೌರವಾರ್ಥ ದೊಡ್ಡ ಕಛೇರಿ ನಡೆಯಿತು. ಹ್ಯಾಮೆಟ್ ಅಲ್ಲಿ ಅದೇ ಗಿಟಾರಿನಲ್ಲಿ ‘ದಿ ಗ್ರೀನ್ ಮನಾಲಿಶಿ’ ನುಡಿಸಿದ. ಹಣದ ಪಿಶಾಚಿಯ ಹಾಡು, ಕೋಟಿಗಟ್ಟಲೆ ರೂಪಾಯಿ ಬೆಲೆಯ ವಾದ್ಯದಲ್ಲಿ. ಗ್ರೀನ್ ಆ ಕಛೇರಿಗೆ ಬಂದಿರಲಿಲ್ಲ. ಐದು ತಿಂಗಳ ನಂತರ, ಜುಲೈ 25ರಂದು, 73ನೇ ವಯಸ್ಸಿಗೆ ಆತ ತೀರಿಕೊಂಡ.