ಶ್ರೀರಂಗಪಟ್ಟಣದ ಸ್ನಾನಘಟ್ಟಗಳೂ ನಮ್ಮ ಮಕ್ಕಳೂ

1799ನೆಯ ಇಸವಿ ಮೇ ತಿಂಗಳ 4ನೆಯ ತಾರೀಖು ಮಧ್ಯಾಹ್ನ ಬೇರ್ಡ್ ಎಂಬ ಸೇನಾನಿಯ ಕೈಕೆಳಗಿನ ಆಂಗ್ಲಸೈನ್ಯವು ಕಾವೇರಿಯ ಪಾತ್ರವನ್ನು ಕಾಲ್ನಡೆಯಿಂದಲೇ ದಾಟಿ ಶ್ರೀರಂಗಪಟ್ಟಣದ ಕೋಟೆಯನ್ನು ಹತ್ತಿತು. ಆ ದಿನ ಟೀಪೂ ಸುಲ್ತಾನನು ಮಡಿದುದೂ ರಾಜ್ಯವು ಕೈಬದಲಾದುದೂ ಎಲ್ಲರೂ ಬಲ್ಲ ಸಂಗತಿಗಳು. ಆದರೆ ಆ ದಿನವು ಬೇಸಿಗೆಯ ಕೊನೆಯಲ್ಲಿ ಬಿದ್ದುದು ಆಕಸ್ಮಿಕವಲ್ಲವೆಂಬುದನ್ನು ಬಹುಮಂದಿ ಗಮನಿಸುವುದಿಲ್ಲ. ಕೊಡಗಿನ ಬೆಟ್ಟಗಳಲ್ಲಿ ಮುಂಗಾರು ಹಿಡಿಯಿತೆಂದರೆ ಹೊಳೆಯೇ ಕೋಟೆಗೆ ಮತ್ತೊಂದು ಗೋಡೆಯಾಗುತ್ತಿತ್ತು. 1791ರಲ್ಲಿ ಕಾರ್ನ್‌ವಾಲಿಸನು ಪಟ್ಟಣದ ಸಮೀಪದವರೆಗೂ ಬಂದು, ಧಾನ್ಯವಿಲ್ಲದೆ, ಮಳೆಗೆ ಸಿಕ್ಕಿ, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಿದ್ದನು. ಎಂಟು ವರ್ಷಗಳ ಮೇಲೆ ಬಂದವರು ಆ ಪಾಠವನ್ನು ಮರೆಯಲಿಲ್ಲ. ಹಾಗಿದ್ದರೂ ಅವರು ಇಳಿದ ಪಾತ್ರವು ಸಮವಾಗಿರಲಿಲ್ಲ. ಬಂಡೆಗಳ ನಡುವೆ ನೀರು ಒಂದೆಡೆ ಪಾದ ಮುಳುಗುವಷ್ಟಿದ್ದರೆ ಮತ್ತೊಂದೆಡೆ ಸೊಂಟದವರೆಗೆ ಬರುತ್ತಿತ್ತು.

ಯುದ್ಧದ ಮಾತು ನಮಗಿಲ್ಲಿ ಪ್ರಕೃತವಲ್ಲ. ದಂಡೆತ್ತಿ ಬಂದವನೂ ಮಗುವನ್ನು ಕಂಕುಳಲ್ಲಿರಿಸಿಕೊಂಡು ಮೀಯಲು ಬಂದ ಗೃಹಿಣಿಯೂ ಈ ಹೊಳೆಯ ಮುಂದೆ ಒಂದೇ ಪ್ರಶ್ನೆಯನ್ನು ಕೇಳಿಕೊಳ್ಳಬೇಕಾಗಿದ್ದಿತು: ಇದು ಯಾವ ತಿಂಗಳು, ಇಲ್ಲಿ ಎಷ್ಟು ಆಳ? ಆ ಪ್ರಶ್ನೆಗೆ ನಮ್ಮ ಹಿರಿಯರು ಕೊಟ್ಟುಕೊಂಡಿದ್ದ ಉತ್ತರವೇನು, ಅದು ಇಂದಿಗೂ ಸಾಕೆ ಎಂಬುದೇ ಈ ಲೇಖನದ ವಿಷಯ.

ಕಾವೇರಿಯು ಪಟ್ಟಣದ ಪಶ್ಚಿಮಕ್ಕೆ ಎರಡು ಕವಲಾಗಿ ಒಡೆದು, ಸುಮಾರು ಮೂರು ಮೈಲಿ ಉದ್ದ ಒಂದು ಮೈಲಿ ಅಗಲದ ದ್ವೀಪವನ್ನು ಬಳಸಿ, ಪೂರ್ವದ ಸಂಗಮದಲ್ಲಿ ಮತ್ತೆ ಒಂದಾಗುತ್ತದೆ. ಈ ಸುತ್ತಿನಲ್ಲಿ ಪಶ್ಚಿಮವಾಹಿನಿ, ಗಂಜಾಮಿನ ನಿಮಿಷಾಂಬಾ ದೇವಾಲಯದ ಮುಂದಣ ಘಟ್ಟ, ಸಂಗಮ ಮೊದಲಾದ ಸ್ನಾನಸ್ಥಳಗಳು ಪ್ರಸಿದ್ಧವಾಗಿವೆ. ಹೊಳೆಯ ಉದ್ದಕ್ಕೂ ನೀರಿದ್ದರೂ ಜನರು ಕಂಡಕಂಡಲ್ಲಿ ಇಳಿಯದೆ ಈ ಕೆಲವು ಸ್ಥಳಗಳಲ್ಲಿಯೇ ಮಿಂದರು. ಇದಕ್ಕೆ ಸ್ಥಳಮಹಿಮೆಯೇ ಕಾರಣವೆಂದು ಭಕ್ತರು ಹೇಳುವರು, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಘಟ್ಟದ ಕಲ್ಲುಮೆಟ್ಟಿಲುಗಳಿಗೆ ಇನ್ನೊಂದು ಉಪಯೋಗವೂ ಉಂಟು. ಮೆಟ್ಟಿಲೆಂದರೆ ನೀರನ್ನು ಅಳೆಯುವ ಕೋಲು. ನಿನ್ನೆ ಯಾವ ಮೆಟ್ಟಿಲು ಒಣಗಿತ್ತು, ಇಂದು ಯಾವುದು ಮುಳುಗಿದೆ ಎಂಬುದು ದಿನವೂ ಬರುವವರ ಕಣ್ಣಿಗೆ ತಾನಾಗಿ ಬೀಳುತ್ತಿತ್ತು. ಮಗುವಿಗೆ ಈ ಮೆಟ್ಟಿಲಿನಿಂದ ಕೆಳಗಿಳಿಯಬೇಡವೆಂದರೆ ಸಾಕು, ಆಜ್ಞೆಯು ಸ್ಪಷ್ಟವಾಗಿರುತ್ತಿತ್ತು. ಮಡುವೆಲ್ಲಿ, ಸುಳಿಯೆಲ್ಲಿ, ಸೆಳವು ಯಾವ ಬಂಡೆಯನ್ನು ಬಳಸಿ ಓಡುವುದು ಎಂಬುದನ್ನು ಅಂಬಿಗರೂ ಅಗಸರೂ ಬಲ್ಲವರಾಗಿದ್ದರು. ಹೊಸಬರು ಕೇಳಿದರೆ ಹೇಳುತ್ತಿದ್ದರು. ಹುಡುಗರು ಬೆನ್ನಿಗೆ ಸೋರೆಬುರುಡೆಯನ್ನು ಕಟ್ಟಿಕೊಂಡು, ಈಜು ಬಲ್ಲ ದೊಡ್ಡವರ ಕೈಯಳತೆಯೊಳಗೆ ಈಜು ಕಲಿಯುತ್ತಿದ್ದರು.

ಸ್ಥಳಕ್ಕೆ ನಿಯಮವಿದ್ದಂತೆ ಕಾಲಕ್ಕೂ ನಿಯಮವಿದ್ದಿತು. ಸೂರ್ಯನು ಕರ್ಕಾಟಕ ಸಿಂಹ ರಾಶಿಗಳಲ್ಲಿರುವಾಗ ನದಿಗಳು ರಜಸ್ವಲೆಯರು, ಆಗ ಅವುಗಳಲ್ಲಿ ಸ್ನಾನ ಕೂಡದು ಎಂದು ಧರ್ಮಶಾಸ್ತ್ರಕಾರರು ವಿಧಿಸಿರುವರು. ಅಂದರೆ ಜುಲೈ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ. ನೈಋತ್ಯದ ಮಳೆಯಿಂದ ಹೊಳೆಗಳು ಕೆಂಪಾಗಿ ತುಂಬಿ ಹರಿಯುವ ಕಾಲವೂ ಅದೇ. ಸಮುದ್ರವನ್ನು ಸೇರುವ ನದಿಗಳಿಗೆ ಈ ನಿಷೇಧವಿಲ್ಲವೆಂದು ಶಾಸ್ತ್ರವೇ ಹೇಳುವುದರಿಂದ ಅಕ್ಷರಶಃ ನೋಡಿದರೆ ಕಾವೇರಿಗೆ ವಿನಾಯಿತಿಯುಂಟು. ಆದರೆ 1924ರ ಜುಲೈ ತಿಂಗಳ ಮಹಾಪ್ರವಾಹದಂಥದನ್ನು ಕಂಡವರಾರೂ ಆ ವಿನಾಯಿತಿಯನ್ನು ನಂಬಿ ಮಕ್ಕಳನ್ನು ನೀರಿಗಿಳಿಸಿರಲಾರರು. ಕಾವೇರೀಸ್ನಾನದ ದೊಡ್ಡ ಪರ್ವವಾದ ತುಲಾಸಂಕ್ರಮಣವು ಬರುವುದು ಅಕ್ಟೋಬರ್ ನಡುವಿನಲ್ಲಿ, ಮುಂಗಾರಿನ ಅಬ್ಬರವು ಇಳಿದ ಮೇಲೆ. ಈ ವಿಧಿಗಳು ಪ್ರಾಣರಕ್ಷಣೆಗಾಗಿಯೇ ಹುಟ್ಟಿದುವೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಹುಟ್ಟಿಗೆ ಕಾರಣವೇನೇ ಇರಲಿ, ಫಲವು ರಕ್ಷಣೆಯೇ ಆಗಿದ್ದಿತು.

ಈ ಪಂಚಾಂಗವನ್ನು ತಿದ್ದಿದುದು ಕನ್ನಂಬಾಡಿಯ ಕಟ್ಟೆ. ನದಿಗೆ ಅಡ್ಡಗಟ್ಟುವುದು ಇಲ್ಲಿ ಹೊಸತೇನೂ ಅಲ್ಲ. ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಕಟ್ಟಿಸಿದ ಒಡ್ಡಿನಿಂದಲೇ ರಂಗನತಿಟ್ಟಿನ ನಡುಗಡ್ಡೆಗಳು ಉಂಟಾದುವು. ಆದರೆ ಅಂಥ ಒಡ್ಡುಗಳು ನೀರನ್ನು ಕಾಲುವೆಗೆ ತಿರುಗಿಸುತ್ತಿದ್ದುವೇ ಹೊರತು ಹೊಳೆಯನ್ನು ಹಿಡಿದಿಡುತ್ತಿರಲಿಲ್ಲ. 1911ರಲ್ಲಿ ವಿಶ್ವೇಶ್ವರಯ್ಯನವರ ಮೇಲ್ವಿಚಾರಣೆಯಲ್ಲಿ ಆರಂಭವಾಗಿ ಎರಡು ದಶಕಗಳಲ್ಲಿ ಮುಗಿದ ಕೃಷ್ಣರಾಜಸಾಗರವಾದರೋ ಹೊಳೆಯನ್ನೇ ಹಿಡಿದು, ಬೇಕಾದಾಗ ಬಿಡುವಂಥದು. ಮಂಡ್ಯದ ಸೀಮೆಯು ಹಸಿರಾದುದೂ ಬರದ ಭಯವು ಕಡಮೆಯಾದುದೂ ಅದರಿಂದಲೇ. ಆ ಉಪಕಾರವನ್ನು ನಾವು ಮರೆಯತಕ್ಕುದಲ್ಲ. ಆದರೆ ಕೆಳಗಣ ಘಟ್ಟದಲ್ಲಿ ಮೀಯುವವರ ಪಾಲಿಗೆ ಹೊಳೆಯ ಏರಿಳಿತವು ಅಂದಿನಿಂದ ಮೋಡವನ್ನಷ್ಟೇ ಅವಲಂಬಿಸದೆ ತೂಬಿನ ಬಾಗಿಲನ್ನೂ ಅವಲಂಬಿಸಿತು.

ಇದರ ಪರಿಣಾಮಗಳನ್ನು ಬಿಡಿಸಿ ನೋಡಬೇಕು. ಶ್ರೀರಂಗಪಟ್ಟಣದಲ್ಲಿ ಬಿಸಿಲು ಕಾಯುತ್ತಿರುವಾಗಲೇ ಕೊಡಗಿನ ಮಳೆಯ ನೀರು ಜಲಾಶಯವನ್ನು ತುಂಬಿ ಹೊರಬೀಳಬಹುದು. ಹಿಂದೆ ನೀರು ಕೆಂಪಾದರೆ, ನೊರೆಯೂ ಕಸಕಡ್ಡಿಯೂ ತೇಲಿಬಂದರೆ ಪ್ರವಾಹವು ಹಿಂದೆಯೇ ಇದೆಯೆಂದು ಹಿರಿಯರು ಮಕ್ಕಳನ್ನು ದಡಕ್ಕೆ ಕರೆಯುತ್ತಿದ್ದರು. ಜಲಾಶಯದಲ್ಲಿ ಮಣ್ಣು ತಳಕ್ಕಿಳಿಯುವುದರಿಂದ ಅಲ್ಲಿಂದ ಬಿಟ್ಟ ನೀರು ಅಷ್ಟು ಕೆಂಪಾಗಿರಬೇಕೆಂಬ ನಿಯಮವಿಲ್ಲ. ಹಳೆಯ ಆ ಗುರುತು ಸುಳ್ಳಾಗಬಹುದು. ತುಲಾಮಾಸವೂ ಹಿಂದಿನಷ್ಟು ನಿಶ್ಚಿಂತೆಯದಲ್ಲ. ಒಳ್ಳೆಯ ಮಳೆಯಾದ ವರ್ಷಗಳಲ್ಲಿ ಜಲಾಶಯವು ಆ ವೇಳೆಗೆ ತುಂಬಿ ನಿಂತಿರುತ್ತದೆ; ಹಿಂಗಾರಿನ ಒಂದು ಜೋರು ಮಳೆ ಬಿದ್ದರೂ ಬಂದ ನೀರನ್ನು ಹೊರಬಿಡದೆ ಗತಿಯಿಲ್ಲ. 2018 ಮತ್ತು 2019ನೆಯ ಇಸವಿಗಳ ಆಗಸ್ಟ್ ತಿಂಗಳಲ್ಲಿ ಸೆಕೆಂಡಿಗೆ ಒಂದು ಲಕ್ಷ ಘನ ಅಡಿಗೂ ಮೀರಿ ನೀರು ಬಿಟ್ಟಾಗ ರಂಗನತಿಟ್ಟಿನ ನಡುಗಡ್ಡೆಗಳು ಮುಳುಗಿ ದೋಣಿಗಳೇ ನಿಂತುಹೋದುವು.

ನದಿಯ ತಳವೂ ಹಿಂದಿನಂತೆ ಉಳಿದಿಲ್ಲ. ಮನೆ ಕಟ್ಟುವ ಮರಳಿಗಾಗಿ ನಮ್ಮ ಹೊಳೆಗಳ ಪಾತ್ರವನ್ನು ಅಲ್ಲಲ್ಲಿ ಅಗೆದಿರುವುದರಿಂದ ಮಂಡಿಮಟ್ಟದ ನೀರಿನ ಪಕ್ಕದಲ್ಲಿಯೇ ಆಳುದ್ದದ ಗುಂಡಿಯು ಕಾಣದೆ ಅಡಗಿರಬಹುದು. ತಾತಂದಿರು ಈಜಿದ ಜಾಗವೆಂಬ ನಂಬಿಕೆಯು ಇಂಥ ಕಡೆ ಅಪಾಯಕರವಾದುದು. ಇನ್ನು ಮೊಸಳೆಯ ಮಾತು. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಸಲಹೆಯ ಮೇಲೆ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿನ ಬಂಡೆಗಳ ಮೇಲೆ ಮೊಸಳೆಗಳು ಬಿಸಿಲು ಕಾಯುವುದನ್ನು ಯಾರಾದರೂ ನೋಡಬಹುದು. ಹೊಳೆಗೆ ಬೇಲಿಯಿಲ್ಲ. ಜನಸಂಚಾರವಿಲ್ಲದ, ಜೊಂಡು ಬೆಳೆದ ನಿಶ್ಶಬ್ದವಾದ ದಡವು ಎಷ್ಟೇ ಮನೋಹರವಾಗಿದ್ದರೂ ಅಲ್ಲಿ ಮಕ್ಕಳನ್ನು ಇಳಿಸಕೂಡದು.

ಹಾಗಾದರೆ ಮಕ್ಕಳನ್ನು ಹೊಳೆಗೆ ಕರೆದೊಯ್ಯುವುದೇ ಬೇಡವೆ? ಹಾಗೆನ್ನುವುದು ನಮಗೆ ಸಮ್ಮತವಲ್ಲ. ಹೊಳೆಯನ್ನು ಕಾಣದೆ ಬೆಳೆದ ಮಗುವಿಗೆ ಅದರ ಭಯವೂ ತಿಳಿಯದು, ಪ್ರೀತಿಯೂ ತಿಳಿಯದು. ದೊಡ್ಡವನಾದ ಮೇಲೆ ಗೆಳೆಯರೊಡನೆ ಮನೆಯವರಿಗೆ ಹೇಳದೆ ಹೋಗಿ ಇಳಿಯುವವನು ಅವನೇ. ಹಿರಿಯರ ನಿಯಮಗಳ ಹುರುಳನ್ನು ಉಳಿಸಿಕೊಂಡು ಇಂದಿಗೆ ತಕ್ಕಂತೆ ಅವನ್ನು ಬೆಳೆಸಬೇಕು. ಹೊರಡುವ ಮೊದಲು ಕಟ್ಟೆಯಿಂದ ನೀರು ಬಿಟ್ಟಿರುವರೇ, ಬಿಡುವ ಸೂಚನೆಯುಂಟೇ ಎಂದು ವಿಚಾರಿಸತಕ್ಕದ್ದು. ಉಂಟೆಂದರೆ ಆ ದಿನ ದಡದಿಂದಲೇ ಕೈಮುಗಿದು ಬರತಕ್ಕದ್ದು. ಜನ ಬಳಸುವ ಘಟ್ಟದಲ್ಲಿಯೇ, ಹಗಲಿನಲ್ಲಿಯೇ, ಅಲ್ಲಿಯವರನ್ನು ಕೇಳಿಯೇ ಇಳಿಯತಕ್ಕದ್ದು. ನೀರಿನಂಚಿನ ಮೆಟ್ಟಿಲಿಗೆ ಒಂದು ಗುರುತು ಮಾಡಿಟ್ಟು ಆಗಾಗ್ಗೆ ನೋಡಬೇಕು. ಗುರುತು ಮುಳುಗಿದರೆ ಗಂಟುಮೂಟೆಗಳನ್ನು ಬಿಟ್ಟಾದರೂ ಮಕ್ಕಳೊಡನೆ ಮೇಲೇರಬೇಕು. ಮೊದಲು ದೊಡ್ಡವರೊಬ್ಬರು ಇಳಿದು ತಳವನ್ನು ಕಾಲಿನಿಂದ ತಡವಿ ನೋಡದೆ ಮಗುವನ್ನು ಬಿಡಬಾರದು. ಪಾಚಿಗಟ್ಟಿದ ಕಲ್ಲಿನ ಮೇಲೆ ಓಡಗೊಡಬಾರದು. ಬಂಡೆಯಿಂದ ತಲೆ ಮುಂದಾಗಿ ಧುಮುಕುವುದನ್ನಂತೂ ಪೂರ್ತಿಯಾಗಿ ನಿಷೇಧಿಸಬೇಕು. ಒಡ್ಡಿನ ಕೆಳಗೆ ನೀರು ಉರುಳುವ ಜಾಗವೂ, ಜಾರುವ ಗೋಡೆಗಳ ಕಾಲುವೆಯೂ ಈಜುವ ಸ್ಥಳಗಳಲ್ಲ. ಗಾಳಿ ತುಂಬಿದ ಟ್ಯೂಬು ಮಗುವನ್ನು ತೇಲಿಸುವುದಲ್ಲದೆ ತೇಲಿಸಿಕೊಂಡೂ ಹೋಗುತ್ತದೆ; ಅಳತೆಗೆ ಸರಿಯಾದ ಲೈಫ್ ಜಾಕೆಟ್ಟೇ ನಮ್ಮ ಕಾಲದ ಸೋರೆಬುರುಡೆ. ಅದಿದ್ದರೂ ದೊಡ್ಡವರ ಕೈ ಮಗುವಿಗೆ ಎಟುಕುವಂತಿರಬೇಕು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮುಳುಗುವ ಮಗುವು ಕೂಗಿ ಕರೆಯುವುದೆಂದು ನಾವು ಭಾವಿಸಿರುವೆವು. ಉಸಿರಿಗೇ ಎಡೆಯಿಲ್ಲದ ಮಗುವು ಕೂಗುವುದೆಲ್ಲಿ ಬಂತು? ಅದು ಸದ್ದಿಲ್ಲದೆ, ಕೆಲವೇ ಕ್ಷಣಗಳಲ್ಲಿ, ಹತ್ತು ಮಂದಿಯ ನಡುವೆಯೇ ಮುಳುಗಬಲ್ಲುದು. ಎಲ್ಲರೂ ನೋಡುತ್ತಿರುವರೆಂದರೆ ಯಾರೂ ನೋಡುತ್ತಿಲ್ಲವೆಂದೇ ಅರ್ಥ. ಆದಕಾರಣ ಸರದಿಯ ಮೇಲೆ ಒಬ್ಬರನ್ನು ಈ ಕೆಲಸಕ್ಕೇ ನೇಮಿಸಬೇಕು, ಅವರು ಹರಟೆಗೂ ಅಡುಗೆಯ ಬುತ್ತಿಗೂ ತಿರುಗಕೂಡದು. ಯಾರಾದರೂ ಸೆಳವಿಗೆ ಸಿಕ್ಕಿದರೆ ಈಜು ಬಾರದವರು ಹಿಂದೆಯೇ ಹಾರುವುದು ಒಂದು ಸಾವನ್ನು ಎರಡು ಮಾಡುವ ದಾರಿ. ದಡದಿಂದಲೇ ಹಗ್ಗವನ್ನೋ ಸೀರೆಯನ್ನೋ ಬೊಂಬನ್ನೋ ಚಾಚಬೇಕು. ಮೇಲೆತ್ತಿದ ಮಗುವನ್ನು ತಲೆಕೆಳಗಾಗಿ ಹಿಡಿದು ಹೊಟ್ಟೆಯನ್ನು ಒತ್ತುವ ಹಳೆಯ ಪದ್ಧತಿಯಿಂದ ಅಮೂಲ್ಯವಾದ ಕಾಲವು ವ್ಯರ್ಥವಾಗುತ್ತದೆ. ಉಸಿರಿಲ್ಲವಾದರೆ ಆ ಕ್ಷಣವೇ ಬಾಯಿಂದ ಉಸಿರನ್ನೂದಿ, ಎದೆಯ ನಡುವೆ ಒತ್ತುತ್ತಾ, 112ಕ್ಕೆ ಕರೆಮಾಡಿಸಿ ವೈದ್ಯಸಹಾಯ ಬರುವವರೆಗೂ ನಿಲ್ಲಿಸದೆ ಮುಂದುವರಿಸಬೇಕು. ಪ್ರತಿ ಮನೆಯಲ್ಲಿ ಒಬ್ಬರಾದರೂ ಇದನ್ನು ಬಲ್ಲವರಿಂದ ಕಲಿತಿರಬೇಕು.

2021ರಲ್ಲಿ ಸಂಯುಕ್ತ ರಾಷ್ಟ್ರಗಳ ಮಹಾಸಭೆಯು ಮುಳುಗಿ ಸಾಯುವುದನ್ನು ತಡೆಯುವ ಕಾರ್ಯಕ್ಕಾಗಿ ಜುಲೈ 25ನೆಯ ದಿನವನ್ನು ಗೊತ್ತುಮಾಡಿತು. ನಮ್ಮ ಪಂಚಾಂಗದಲ್ಲಿ ಆ ದಿನವು ಕರ್ಕಾಟಕಮಾಸದಲ್ಲಿಯೇ ಬೀಳುತ್ತದೆ. ಹೊಳೆಯು ತಾಯಿಯೆಂಬುದು ದಿಟ. ಆದರೆ ತಾಯಿಯ ಮುಖವನ್ನು ನೋಡಿ ಮಾತನಾಡಿಸುವುದು ಮಕ್ಕಳ ಕರ್ತವ್ಯ. ಹಿಂದಿನವರು ತಿಂಗಳನ್ನು ನೋಡಿ ಹೊಳೆಗೆ ಇಳಿದರು. ನಾವು ತಿಂಗಳನ್ನೂ ನೋಡಬೇಕು, ಕಟ್ಟೆಯನ್ನೂ ಕೇಳಬೇಕು, ಕಾಲಕೆಳಗಣ ಮೆಟ್ಟಿಲನ್ನೂ ಎಣಿಸಬೇಕು. ಹೀಗೆ ಮಾಡಿದಲ್ಲಿ ಹೊಳೆಗೆ ಹೋದಷ್ಟೇ ಮಂದಿ ಮನೆಗೆ ಮರಳುವರು. ಘಟ್ಟವನ್ನು ಕಟ್ಟಿಸಿದವರ ಉದ್ದೇಶವೂ ಅದಕ್ಕಿಂತ ಬೇರೆಯಾಗಿದ್ದಿರಲಾರದು.