ನೂರೋ, ಐನೂರೋ?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಯಾವ ಸಂತೆಗಾದ್ರೂ ಹೋಗಿ. ಬದನೆಕಾಯಿ ಎಳೆಯದೋ ಬಲಿತದ್ದೋ ಅಂತ ಹೇಳೋಕೆ ಕಣ್ಣೇ ಬೇಕಿಲ್ಲ, ಬೆರಳು ಸಾಕು. ಕೊತ್ತಂಬರಿ ಮೂಗಿಗೇ ಸಿಗುತ್ತೆ. ಕಣ್ಣು ಕಾಣದವರಿಗೆ ಕಷ್ಟ ಶುರುವಾಗೋದು ದುಡ್ಡು ಕೈ ಬದಲಾದಾಗ.

1996ರಲ್ಲಿ ಶುರುವಾದ ಮಹಾತ್ಮ ಗಾಂಧಿ ಸರಣಿಯ ನೋಟುಗಳಲ್ಲಿ ಇದಕ್ಕೊಂದು ಉತ್ತರವಿತ್ತು: ನೂರಕ್ಕೆ ಉಬ್ಬಿದ ತ್ರಿಕೋನ, ಐನೂರಕ್ಕೆ ವೃತ್ತ. ಐವತ್ತು, ನೂರು, ಐನೂರರ ಉದ್ದದಲ್ಲಿ ತಲಾ 10 ಮಿ.ಮೀ. ವ್ಯತ್ಯಾಸ. ನಮ್ಮ ಮೈಸೂರಿನ ಮುದ್ರಣಾಲಯದಲ್ಲೂ ನೋಟು ಅಚ್ಚಾಗುತ್ತಿತ್ತು. ಆದರೆ ಕೈಯಿಂದ ಕೈಗೆ ಹೋಗಿ ಉಬ್ಬು ಸವೆಯುತ್ತೆ. 2016ರ ನವೆಂಬರಿನಿಂದ ಬಂದ ಹೊಸ ಸರಣಿಯಲ್ಲಿ ನೂರು, ಇನ್ನೂರು, ಐನೂರರ ನಡುವಿನ ಅಂತರ ಬರೀ 4 ಮಿ.ಮೀ. ಬೆರಳು ಕಲಿತ ಪಾಠ ಮತ್ತೆ ಮೊದಲಿಂದ.

2017ರಲ್ಲಿ ಬಂದ ಮೈಕ್ರೋಸಾಫ್ಟ್‌ನ ‘ಸೀಯಿಂಗ್ ಎಐ’ ಪೊಟ್ಟಣದ ಬಾರ್‌ಕೋಡ್ ಓದಿ ಹೇಳಿತು. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕಿನ ‘ಮನಿ’ ಆ್ಯಪ್ ಬಂತು. ಕ್ಯಾಮೆರಾ ಮುಂದೆ ನೋಟು ಹಿಡಿದರೆ ಎಷ್ಟರದ್ದು ಅಂತ ಹೇಳುತ್ತೆ, ಇಂಟರ್ನೆಟ್ ಇಲ್ಲದಿದ್ದರೂ. ಅಸಲಿಯೋ ನಕಲಿಯೋ ಅಂತ ಮಾತ್ರ ಹೇಳಲ್ಲ.

ಅಷ್ಟೇ ಆದರೂ ದೊಡ್ಡದು. ಇಲ್ಲದಿದ್ದರೆ ‘ಇದು ಎಷ್ಟರ ನೋಟು ನೋಡಣ್ಣ’ ಅಂತ ಕೇಳಬೇಕಾಗಿದ್ದು, ಚಿಲ್ಲರೆ ಕೊಟ್ಟವನನ್ನೇ.