ವಾಪಸ್ ಟಿಕೇಟು ಯಾರ ಕೈಲಿತ್ತು?

ಆಯಾ ಅಂದ್ರೆ ನಮಗೆಲ್ಲ ಗೊತ್ತಿರೋ ಪದ. ಅಂಗನವಾಡೀಲಿ ಮಕ್ಕಳಿಗೆ ಊಟ ಬಡಿಸೋಳು ಆಯಾ, ಆಸ್ಪತ್ರೇಲಿ ಬಾಣಂತಿ ವಾರ್ಡಲ್ಲಿ ನಮ್ಮನ್ನ ಗದರ್ಸೋಳೂ ಆಯಾ. ನಮ್ಮದೇ ಪದ ಅನ್ನೋ ಹಾಗೆ ಬಾಯಿಗೆ ಬರ್ತದೆ. ಆದ್ರೆ ಇದು ಪೋರ್ಚುಗೀಸರದ್ದು. ದೊಡ್ಡ ಮನೆ ಮಕ್ಕಳನ್ನ ನೋಡ್ಕೊಳ್ಳೋ ಹೆಂಗಸಿಗೆ ಅವರು ಹಾಗೆ ಅಂತಿದ್ರು. ಅವರಿಂದ ಇಂಗ್ಲಿಷರಿಗೂ ಅಂಟ್ಕೊಂತು, ನಮಗೂ ಅಂಟ್ಕೊಂತು. ಇವತ್ತು ಹೇಳಕ್ಕೆ ಹೊರಟಿದ್ದು, ಆ ಆಯಾಗಳಲ್ಲಿ ಹಡಗು ಹತ್ತಿ ಲಂಡನ್ನಿಗೆ ಹೋದವರ ವಿಷ್ಯ. ಯಾಕೆ ಈಗ ನೆನಪಾಯ್ತು ಅಂತ ಆಮೇಲೆ ಹೇಳ್ತೀನಿ, ಅದಕ್ಕೆ ಒಂದು ಕಾರಣ ಇದೆ.

ನಮ್ಮ ಕಡೆಗೆ ದೊರೆಗಳು ಬಂದಿದ್ದು ಕಾಫಿಯ ಹಿಂದೆ. ಬಾಬಾಬುಡನ್ ಕತೆ ಎಲ್ರಿಗೂ ಬಾಯಿಪಾಠ, ಅದನ್ನ ಬಿಡುವ. 1830ರ ಸುಮಾರಿಗೆ ಕ್ಯಾನನ್ ಅನ್ನೋ ದೊರೆ ಬಾಬಾಬುಡನ್ ಗಿರಿಯ ದಕ್ಷಿಣದ ಏರಲ್ಲಿ ತೋಟ ಮಾಡಿದ. ಅವನ ಫಸಲು ನೋಡಿ 1843ರಲ್ಲಿ ಗ್ರೀನ್ ಅನ್ನೋನು ಮಂಜರಾಬಾದಿನ ಐಗೂರಲ್ಲಿ ಶುರು ಮಾಡಿದ. ಮಂಜರಾಬಾದ್ ಅಂದ್ರೆ ಈಗಿನ ಸಕಲೇಶಪುರ, ನಮ್ಮ ಮೂಡಿಗೆರೆಗೆ ತಾಗಿಕೊಂಡೇ ಇರೋದು. ಅದೇ ಸೀಮೆಯ ಎಲಿಯಟ್ ದೊರೆ ಎರಡು ಪುಸ್ತಕ ಬರ್ದ, ಒಂದು 1871ರಲ್ಲಿ, ಇನ್ನೊಂದು 1894ರಲ್ಲಿ. ಎರಡನೇದರ ಹೆಸರಲ್ಲೇ ಚಿನ್ನ, ಬೇಟೆ, ಕಾಫಿ ಅಂತ ಮೂರೂ ಇದೆ. ನೆರಳಿನ ಮರ ಯಾವುದಿರ್ಬೇಕು, ಗೊಬ್ಬರ ಎಂಥದು ಹಾಕ್ಬೇಕು, ಹುಲಿ ಹೆಂಗೆ ಹೊಡೀಬೇಕು ಅನ್ನೋದೆಲ್ಲ ಗಂಡಸರು ಬರ್ದು ಇಟ್ಟಿದ್ದಾರೆ. ತೊಟ್ಟಿಲು ತೂಗಿದ ಕೈ ಪುಸ್ತಕದ ಹೆಸರಿಗೆ ಬರೋದು ಎಲ್ಲಿಂದ.

ದೊರೆಸಾನಿಯರು ಬಂದ ಮೇಲೆ ಮಕ್ಕಳೂ ಆದ್ವು. ಬಂಗ್ಲೇಲಿ ಬಟ್ಲರ್ ಒಬ್ಬ, ಅಡಿಗೆಯವ ಒಬ್ಬ, ಮಗೂಗೆ ಆಯಾ. ಸ್ನಾನ, ಊಟ, ನಿದ್ದೆ ಎಲ್ಲ ಅವಳ ಕೈಲಿ. ಇಡೀ ಹಿಂದೂಸ್ತಾನದಲ್ಲಿ ಬಿಳಿಯರ ಮಕ್ಕಳಿಗೆ ಇಂಗ್ಲಿಷಿಗಿಂತ ಮುಂಚೆ ಆಯಾನ ಭಾಷೆ ಬಾಯಿಗೆ ಬರ್ತಿತ್ತು. ತಾಯ್ತಂದೆಗೆ ಅದೇ ದಿಗಿಲು. ಜೊತೆಗೆ ಜ್ವರದ ಭಯ, ಅದರಲ್ಲೂ ನಮ್ಮ ಮಲೆನಾಡಿನ ಚಳಿಜ್ವರ ಅಂದ್ರೆ ಘಟ್ಟದ ಕೆಳಗಿನವರೂ ಹೆದರ್ತಿದ್ರು. ಹಾಗಾಗಿ ಮಗೂಗೆ ಆರೇಳು ವರ್ಷ ಆಗೋದ್ರೊಳಗೆ ವಿಲಾಯತಿಗೆ ಕಳ್ಸಿಬಿಡೋದು ರೂಢಿ. ಹೆತ್ತ ತಾಯಿಗೂ ಸಂಕಟ, ಎತ್ತಿ ಆಡ್ಸಿದವಳಿಗೂ ಸಂಕಟ.

ಆದ್ರೆ ಹಡಗಲ್ಲಿ ಆ ಮಕ್ಕಳನ್ನ ನೋಡ್ಕೊಳ್ಳೋರು ಯಾರು? 1869ರಲ್ಲಿ ಸೂಯೆಜ್ ಕಾಲುವೆ ತೆರೆಯೋ ಮುಂಚೆ ಆಫ್ರಿಕಾ ಸುತ್ತಿ ನಾಲ್ಕೈದು ತಿಂಗಳು ಸಮುದ್ರದ ಮೇಲೆ. ಆಮೇಲೂ ಬೊಂಬಾಯಿಂದ ಮೂರ್ನಾಲ್ಕು ವಾರ. ದೊರೆಸಾನಿ ವಾಂತಿ ಮಾಡ್ಕೊಂಡು ಮಲಗಿದ್ರೆ ಕೂಸಿಗೆ ಹಾಲು ಕುಡ್ಸೋದು, ಬಟ್ಟೆ ಒಗೆಯೋದು, ಡೆಕ್ಕಿನ ಅಂಚಿಗೆ ಓಡೋ ಹುಡುಗನ್ನ ಹಿಡಿದು ತರೋದು ಎಲ್ಲ ಆಯಾನೇ ಮಾಡ್ಬೇಕು. ಚಾರ್ಮಾಡಿ ಇಳಿಯೋವಾಗ ಬಸ್ಸಲ್ಲಿ ನಮ್ಮ ಮಕ್ಕಳು ಮಾಡೋದನ್ನ ನೆನೆಸ್ಕೊಳ್ಳಿ, ಅದನ್ನ ಒಂದು ತಿಂಗಳಿಗೆ ಎಳೀರಿ.

ಇದನ್ನೇ ಕಸುಬು ಮಾಡ್ಕೊಂಡ ಹೆಂಗಸರೂ ಇದ್ರು. ಒಂದು ಕುಟುಂಬದ ಜೊತೆ ಹೋಗಿ ಇನ್ನೊಂದು ಕುಟುಂಬದ ಜೊತೆ ವಾಪಸ್ ಬರೋದು. ಪೇಪರಲ್ಲಿ ಜಾಹೀರಾತೂ ಕೊಡ್ತಿದ್ರಂತೆ, ಅನುಭವ ಇದೆ, ಸಮುದ್ರ ಆಗಿಬರ್ತದೆ ಅಂತ. ಮಿಸೆಸ್ ಆಂಟನಿ ಪರೇರಾ ಅನ್ನೋ ಒಬ್ಬಳು 54 ಸಲ ಆ ಪ್ರಯಾಣ ಮಾಡಿದ್ಲು ಅಂತ ದಾಖಲಾಗಿದೆ. ನಾವು ಧರ್ಮಸ್ಥಳಕ್ಕೂ ಅಷ್ಟು ಸಲ ಹೋಗಿರಲ್ಲ. ಇಂಥವರನ್ನ ಬರೀ ಪಾಪದವರು ಅಂತ ಕರಗೋದು ನನಗೆ ಒಗ್ಗಲ್ಲ. ಜಾಣೆಯರು ಅವರು. ದುಡಿಮೆ ಗೊತ್ತಿತ್ತು, ಬಂದರು ಗೊತ್ತಿತ್ತು, ಯಾವ ದೊರೆಸಾನಿ ಜಿಪುಣಿ ಅಂತಾನೂ ಗೊತ್ತಿತ್ತು.

ಕಷ್ಟ ಇದ್ದಿದ್ದು ಹಡಗು ಇಳಿದ ಮೇಲೆ. ಮಗು ಊರು ಸೇರ್ತು, ಅವಳ ಕೆಲಸ ಮುಗೀತು. ಒಪ್ಪಂದದಲ್ಲಿ ವಾಪಸ್ ಕಳಿಸ್ತೀವಿ ಅಂತ ಇದ್ರೆ ಪುಣ್ಯ. ಎಷ್ಟೋ ಜನಕ್ಕೆ ಅದು ಬರೀ ಬಾಯಿಮಾತು. ಕಂಪನಿ ಕಾಲದಲ್ಲಿ ಆಳುಗಳನ್ನ ಕರ್ಕೊಂಡು ಹೋಗೋರು ವಾಪಸ್ ಕಳಿಸೋದಕ್ಕೆ ಜಾಮೀನು ಹಣ ಇಡ್ಬೇಕಿತ್ತು, ಆಮೇಲೆ ಅದೂ ಸಡಿಲಾಯ್ತು. ಗುರುತಿಲ್ಲದ ಊರು, ಚಳಿ, ಕೈಲಿ ನಾಲ್ಕು ಕಾಸು.

ಇಂಥವರಿಗೆ ಅಂತಲೇ ಲಂಡನ್ನಲ್ಲಿ ಒಂದು ಮನೆ ಇತ್ತು, ಆಯಾಸ್ ಹೋಮ್ ಅಂತ. ಮೊದಲು ಆಲ್ಡ್‌ಗೇಟ್ ಅನ್ನೋ ಕಡೆ ಇತ್ತು. 1900ರಲ್ಲಿ ಲಂಡನ್ ಸಿಟಿ ಮಿಷನ್ನಿನವರು ವಹಿಸ್ಕೊಂಡು ಹ್ಯಾಕ್ನಿಯ ಕಿಂಗ್ ಎಡ್ವರ್ಡ್ಸ್ ರೋಡಿನ 26ನೇ ನಂಬರ್ ಮನೆಗೆ ತಂದ್ರು, 1921ರಲ್ಲಿ ಅದೇ ರೋಡಿನ 4ನೇ ನಂಬರಿಗೆ ಹೋಯ್ತು. ಸುಮಾರು ಮೂವತ್ತು ರೂಮು, ವರ್ಷಕ್ಕೆ ನೂರರ ಹತ್ತಿರ ಹೆಂಗಸರು ಬಂದು ತಂಗಿ ಹೋಗ್ತಿದ್ರು. ನಮ್ಮವರಷ್ಟೇ ಅಲ್ಲ, ಚೀನಾ ಕಡೆಯ ಆಮಾಗಳೂ ಇದ್ರು. ಬೇಸಿಗೇಲಿ ಮನೆ ತುಂಬ್ಕೊಂಡಿರೋದು, ಯಾಕಂದ್ರೆ ಇಲ್ಲಿ ಬಿಸಿಲು ಏರಕ್ಕೆ ಮುಂಚೆ ದೊರೆಸಾನಿಯರು ಮಕ್ಕಳನ್ನ ಕಟ್ಕೊಂಡು ಹಡಗು ಹತ್ತೋರು. ಮಿಷನ್ನಿನವರು ಬೈಬಲ್ ಓದಿ, ಹಾಡು ಹಾಡ್ಸಿ ಮತಕ್ಕೆ ಸೇರ್ಸಕ್ಕೂ ನೋಡ್ತಿದ್ರು, ಅದನ್ನ ಮುಚ್ಚಿಡೋದು ಬೇಡ. ಆದ್ರೂ ತಲೆ ಮೇಲೆ ಸೂರು ಇತ್ತು.

ಆ ಮನೆಯ ವ್ಯವಹಾರದಲ್ಲಿ ನನ್ನನ್ನ ಹಿಡಿದು ನಿಲ್ಸಿದ್ದು ವಾಪಸ್ ಟಿಕೇಟು. ಕರ್ಕೊಂಡು ಬಂದ ದೊರೆಸಾನಿ ಆಯಾನ ಜೊತೆ ಅವಳ ವಾಪಸ್ ಟಿಕೇಟನ್ನೂ ಆ ಮನೆಯ ಮೇಟ್ರನ್ ಕೈಗೆ ಕೊಡೋಳು. ಇಂಡಿಯಾಕ್ಕೆ ಹೊರಟ ಬೇರೆ ಯಾರೋ ಬಂದು ನಮಗೊಬ್ಬ ಆಯಾ ಬೇಕು ಅಂದ್ರೆ ಮೇಟ್ರನ್ ಆ ಟಿಕೇಟನ್ನ ಅವರಿಗೆ ಮಾರೋಳು. ಆ ದುಡ್ಡಲ್ಲಿ ಆಯಾನ ಊಟ ವಸತಿ ಖರ್ಚು ಕಳೆಯೋದು. ಟಿಕೇಟು ಆಯಾನ ಹೆಸರಲ್ಲೇ ಓಡಾಡ್ತಿತ್ತು, ಅವಳ ಕೈಗೆ ಮಾತ್ರ ಬರ್ತಿರ್ಲಿಲ್ಲ. ಲೆಕ್ಕ ಚೊಕ್ಕ, ಮನೆಯೂ ನಡೀಬೇಕಲ್ಲ. ಆದ್ರೆ ಅವಳು ಊರಿಗೆ ಹೋಗೋದು ಯಾವತ್ತು ಅನ್ನೋದನ್ನ ತೀರ್ಮಾನ ಮಾಡೋಳು ಅವಳಲ್ಲ.

ಟಿಕೇಟೂ ಇಲ್ಲ, ಮನೆಯೂ ಇಲ್ಲ ಅಂದ್ರೆ ಏನಾಗ್ತದೆ ಅನ್ನೋದಕ್ಕೆ 1908ರ ಒಂದು ಪ್ರಕರಣ ಇದೆ. ಬೊಂಬಾಯಿಂದ ಒಬ್ಬ ಆಯಾನ ಕರ್ಕೊಂಡು ಹೋದ ದೊರೆಸಾನಿ, ಕೆಲಸ ಮುಗಿದ ಮೇಲೆ ಅವಳನ್ನ ಇನ್ನೊಂದು ಕುಟುಂಬಕ್ಕೆ ದಾಟಿಸಿದ್ಲು. ಅವರು ಅವಳನ್ನ ಲಂಡನ್ನಿನ ಕಿಂಗ್ಸ್ ಕ್ರಾಸ್ ರೈಲ್ವೆ ಸ್ಟೇಷನ್ನಲ್ಲಿ ಒಂದು ಪೌಂಡ್ ಕೊಟ್ಟು ಬಿಟ್ಟು ಹೋದ್ರು. ಬೀರೂರು ಸ್ಟೇಷನ್ನಲ್ಲಿ ರಾತ್ರಿ ಒಬ್ಬಳೇ ಕೂರಕ್ಕೇ ನಮಗೆ ಎದೆ ಢವಢವ ಅಂತದೆ. ಆ ಸುದ್ದಿ ಸರ್ಕಾರದವರೆಗೂ ಹೋಗಿ ವಿಚಾರಣೆ ಆಯ್ತು.

ಎರಡನೇ ಮಹಾಯುದ್ಧ ಮುಗಿದು ದೊರೆಗಳೂ ಹೊರಟ ಮೇಲೆ ಆ ಮನೆಯ ಕತೆಯೂ ಮುಗೀತು. ರೋಜಿನಾ ವಿಸ್ರಾಮ್ ಅನ್ನೋ ಲೇಖಕಿ 1986ರಲ್ಲಿ ಆಯಾಗಳು, ಹಡಗಿನ ಕಲಾಸಿಗಳು, ರಾಜಕುಮಾರರು ಎಲ್ಲರನ್ನೂ ಸೇರ್ಸಿ ಪುಸ್ತಕ ಬರೆದ ಮೇಲೆ ಜನಕ್ಕೆ ಮತ್ತೆ ನೆನಪಾಯ್ತು. ಫರ್ಹಾನಾ ಮಾಮೂಜಿ ಅನ್ನೋ ಹುಡುಗಿ ಹಟ ಹಿಡಿದು ಓಡಾಡಿದ್ಲು. 2022ರ ಜೂನಲ್ಲಿ 26ನೇ ನಂಬರ್ ಮನೆ ಗೋಡೆ ಮೇಲೆ ಇಂಗ್ಲಿಷ್ ಹೆರಿಟೇಜಿನವರು ನೀಲಿ ಫಲಕ ಹಾಕಿದ್ರು. ರಾಜರಿಗೆ, ಕವಿಗಳಿಗೆ ಹಾಕೋ ಅಂಥದೇ ಫಲಕ. ಅದನ್ನ ಓದಿ ನನಗೆ ತುಂಬ ಖುಷಿಯಾಯ್ತು.

ಈಗ ಕಾರಣಕ್ಕೆ ಬರ್ತೀನಿ. ಕಳಸದ ಕಡೆಯ ನಮ್ಮ ನೆಂಟರ ಹುಡುಗಿ ಒಬ್ಬಳು ಬಿ.ಕಾಂ. ಮುಗ್ಸಿ ಜರ್ಮನಿಗೆ ಓ ಪೇರ್ ಆಗಿ ಹೋಗ್ತೀನಿ ಅಂತ ಕೂತಿದ್ದಾಳೆ. ಓ ಪೇರ್ ಅಂದ್ರೆ ಫ್ರೆಂಚಲ್ಲಿ ಸರಿಸಮ ಅಂತ ಅರ್ಥ. ಆಳಾಗಿ ಅಲ್ಲ, ಮನೆಯವಳ ಹಾಗೆ ಇದ್ದು ಮಕ್ಕಳನ್ನ ನೋಡ್ಕೊಂಡು ಭಾಷೆ ಕಲಿಯೋದು. ಯುರೋಪಿನ ದೇಶಗಳು 1969ರಲ್ಲಿ ಸ್ಟ್ರಾಸ್‌ಬೋರ್ಗಲ್ಲಿ ಇದಕ್ಕೆ ಅಂತ ಒಪ್ಪಂದವನ್ನೇ ಮಾಡಿದ್ವು. ಹುಡುಗಿಯ ಅಜ್ಜಿ ಮಾತ್ರ, "ಓದ್ಸಿದ್ದು ಕಂಡೋರ ಮಕ್ಕಳ ಮೂಗು ಒರ್ಸಕ್ಕಾ?" ಅಂತ ಒಂದೇ ಸಮ. ಅವಳ ಅಮ್ಮ ನನಗೆ ಫೋನ್ ಮಾಡಿ, "ಅಕ್ಕಾ, ನೀವೇ ಒಂಚೂರು ಹೇಳಿ ಮಾರಾಯ್ರೆ" ಅಂದ್ಲು.

ನಾನು ಹೋಗಬೇಡ ಅನ್ನಲಿಲ್ಲ. ನಾಚಿಕೆ ಎಂತಕ್ಕೆ? ನಮ್ಮಲ್ಲಿ ಎಷ್ಟು ಜನ ಅಮೆರಿಕಕ್ಕೆ ಮಗಳ ಬಾಣಂತನಕ್ಕೆ ಹೋಗಿ ಬಂದಿಲ್ಲ? ಆರು ತಿಂಗಳ ವೀಸಾ, ಸೂಟ್‌ಕೇಸಲ್ಲಿ ಬಾಣಂತಿ ಲೇಹ, ಸಾರಿನ ಪುಡಿ. ಹಿಮ ಬೀಳೋ ಊರಲ್ಲಿ ಕೂಸು ಎತ್ಕೊಂಡು ಕಿಟಕಿ ಹತ್ರ ಕೂತು, ಹೊರಗೆ ಹೋಗಕ್ಕೆ ಕಾರಿಲ್ಲ, ಮಾತಿಗೆ ಜನ ಇಲ್ಲ. ಅವರಿಗೆ ಸಂಬಳವೂ ಇಲ್ಲ, ವಾರದ ರಜವೂ ಇಲ್ಲ! ಅದನ್ನ ಹೆಮ್ಮೆಯಿಂದ ಹೇಳ್ಕೊಳ್ತೀವಿ. ಅಜ್ಜಿ ಮಾಡಿದ್ರೆ ಪ್ರೀತಿ, ಹುಡುಗಿ ದುಡ್ಡಿಗೆ ಮಾಡಿದ್ರೆ ಮೂಗು ಒರ್ಸೋದು. ಇದು ನನಗೆ ಅರ್ಥ ಆಗದ ಲೆಕ್ಕ.

ಜರ್ಮನಿಯ ನಿಯಮ ಕೂತು ಓದಿದೆ. ಅರ್ಜಿ ಹಾಕೋವಾಗ 27 ತುಂಬಿರ್ಬಾರದು. ಜರ್ಮನ್ ಭಾಷೆ ಎ1 ಅನ್ನೋ ಮೊದಲ ಹಂತದಷ್ಟಾದ್ರೂ ಬರ್ಬೇಕು, ಅದರ ಪರೀಕ್ಷೆ ಬೆಂಗಳೂರಿನ ಮ್ಯಾಕ್ಸ್‌ಮುಲ್ಲರ್ ಭವನದಲ್ಲಿ ಆಗ್ತದೆ. ಒಂದು ವರ್ಷದ ಮೇಲೆ ಇರಕ್ಕಿಲ್ಲ. ವಾರಕ್ಕೆ 30 ಗಂಟೆಗಿಂತ ಜಾಸ್ತಿ ಕೆಲಸ ಹೇಳೋ ಹಾಗಿಲ್ಲ. ಊಟ, ಸ್ವಂತ ರೂಮು, ಇನ್ಶೂರೆನ್ಸು ಆ ಮನೆಯವರದ್ದು. ಕೈಖರ್ಚಿಗೆ ತಿಂಗಳಿಗೆ 280 ಯೂರೊ, ನಮ್ಮ ಲೆಕ್ಕದಲ್ಲಿ 25,000ದ ಮೇಲೆ. ಅಲ್ಲಿನ ಬೆಲೆಗೆ ಅದು ಸಂಬಳ ಅಲ್ಲ, ಕೈಖರ್ಚೇ. ಉಳ್ಸಿ ಮನೆಗೆ ಕಳಿಸ್ತೀನಿ ಅಂತ ಹೋದ್ರೆ ನಿರಾಸೆ ಆಗ್ತದೆ. ನಿಯಮ ಬದಲಾಗ್ತಾ ಇರ್ತವೆ, ಕಾನ್ಸುಲೇಟಿನ ವೆಬ್‌ಸೈಟನ್ನೇ ನೋಡ್ಬೇಕು, ಏಜೆಂಟನ ವಾಟ್ಸಾಪ್ ಮೆಸೇಜನ್ನಲ್ಲ.

ಇದನ್ನ ಗಲ್ಫಿಗೆ ಮನೆಕೆಲಸಕ್ಕೆ ಹೋಗೋದ್ರ ಜೊತೆ ಒಂದೇ ತಕ್ಕಡೀಲಿ ಹಾಕ್ಬೇಡಿ. ಅಲ್ಲಿಗೆ ಹತ್ತನೇ ಕ್ಲಾಸು ಪಾಸಾಗದ ಹೆಂಗಸರು ಹೋಗಕ್ಕೆ ನಮ್ಮ ಸರ್ಕಾರದ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕು, ಮೂವತ್ತು ವರ್ಷ ಆಗಿರ್ಬೇಕು. ಅದನ್ನ ತಪ್ಪಿಸಿ ವಿಸಿಟ್ ವೀಸಾದಲ್ಲಿ ಕಳ್ಸೋ ಏಜೆಂಟರು ಇದ್ದಾರೆ. ಹೋದ ಮೇಲೆ ಪಾಸ್‌ಪೋರ್ಟು ಮನೆ ಯಜಮಾನನ ಬೀರುವಲ್ಲಿ. ಅಲ್ಲಿಗೆ 1908 ಬಂತು ಅಂತಲೇ ಲೆಕ್ಕ.

ಹುಡುಗಿಗೆ ನಾನು ಕೇಳಿದ್ದು ಮೂರೇ. ಪಾಸ್‌ಪೋರ್ಟು ಯಾರ ಹತ್ರ ಇರ್ತದೆ? ಒಪ್ಪಂದದ ಕಾಗದದಲ್ಲಿ ಗಂಟೆ, ರಜ ಎಲ್ಲ ಬರ್ದಿದಾ? ಇವತ್ತು ರಾತ್ರಿ ಬೇಡ ಅನ್ನಿಸಿದ್ರೆ ನಾಳೆ ಹೊರಡಕ್ಕೆ ದುಡ್ಡು ಎಲ್ಲಿದೆ? ಮೊದಲ ಎರಡಕ್ಕೆ ಪಟಪಟ ಅಂತ ಉತ್ತರ ಕೊಟ್ಲು. ಮೂರನೇದಕ್ಕೆ ಸುಮ್ಮನಾದ್ಲು, ಯಾಕಂದ್ರೆ ಹೋಗಿ ಬರೋ ವಿಮಾನದ ಖರ್ಚು ಸಾಮಾನ್ಯವಾಗಿ ಹುಡುಗಿಯದೇ. ಅವಳಮ್ಮ ಈ ಸಲದ ಕಾಳುಮೆಣಸಿನ ದುಡ್ಡಲ್ಲಿ ಒಂದು ಪಾಲು ಹುಡುಗಿ ಹೆಸರಿಗೆ ಬೇರೆ ಖಾತೇಲಿ ಹಾಕ್ತೀನಿ ಅಂದಿದ್ದಾಳೆ. ಎಟಿಎಂ ಕಾರ್ಡು ಹುಡುಗಿ ಹತ್ರಾನೇ ಇರ್ತದೆ.